ಗೆದ್ದವರ ಕಡೆಯ ಕೈ

ಮೂರು ಕೈಗಳು ಮೇಲೆದ್ದಾಗಲೇ ಬಕ್‌ಹಾರ್ನ್ ಗುಡ್ಡದ ಶಾಲೆ ಮುಚ್ಚಿದಂತಾಗಿತ್ತು. ಐದು ಜನರ ಶಾಲಾ ಮಂಡಳಿಯಲ್ಲಿ ಉಳಿದವರು ಇಬ್ಬರೇ: ಮುದುಕ ರಾಸ್ಕೋ, ಮತ್ತು ವರ್ನಾ ಹಾಗನ್. ಇಪ್ಪತ್ತೆರಡು ವರ್ಷ ಹಳದಿ ಬಸ್ಸು ಓಡಿಸಿ ನಿವೃತ್ತಳಾದ ವರ್ನಾ, ಆ ಶಾಲೆಯನ್ನು ಉಳಿಸುತ್ತೇನೆಂದೇ ಚುನಾವಣೆ ಗೆದ್ದವಳು. ರಾಸ್ಕೋ ತೋಳು ಕಟ್ಟಿಕೊಂಡು ಕೂತ. ವರ್ನಾ ಒಂದು ಗಳಿಗೆ ಮೇಜನ್ನೇ ನೋಡಿದಳು. ಆಮೇಲೆ ತನ್ನ ಕೈಯನ್ನೂ ಎತ್ತಿದಳು.

ಮುಚ್ಚಲು ನಾಲ್ಕು, ಬೇಡವೆಂದು ಒಂದು.

ಮೊಮ್ಮಗಳನ್ನು ಆ ಶಾಲೆಗೆ ಕಳಿಸುತ್ತಿದ್ದ ಗೆಳತಿ ಮಾರ್ಗಿಟ್ ಬಾಗಿಲಲ್ಲಿ ಅಡ್ಡ ನಿಂತಳು. "ಇಷ್ಟು ವರ್ಷ ಬಸ್ಸು ಓಡ್ಸಿದ್ದು ಸುಮ್ನೆ ಅಲ್ಲ ಕಣೇ. ರಿವರ್ಸ್ ಹಾಕೋದು ಚೆನ್ನಾಗಿ ಕಲ್ತಿದ್ದೀಯ."

"ಮುಂದಿನ ಸಭೆಗೆ ಬಾ, ಮಾರ್ಗಿಟ್."

"ಯಾಕೆ? ಶಾಲೆ ಗಂಟೆ ಹರಾಜು ಹಾಕ್ತೀರಾ?"

ವರ್ನಾ ಅವಳನ್ನು ಬಳಸಿಕೊಂಡು ಹೊರನಡೆದಳು. ಮಂಡಳಿಯ ಜಗಳವನ್ನು ಬೀದಿಗೆ ತರುವುದಿಲ್ಲವೆಂದು ಕುರ್ಚಿಯಲ್ಲಿ ಕೂತ ಮೊದಲ ದಿನವೇ ನಿಶ್ಚಯಿಸಿಕೊಂಡಿದ್ದಳು. ಆ ಭಾನುವಾರ ಚರ್ಚಿನ ಊಟಕ್ಕೆ ಅವಳು ಮಾಡಿಕೊಂಡು ಹೋದ ಆಲೂಗಡ್ಡೆಯ ಹಾಟ್‌ಡಿಶ್ ಎಂಬ ಬಿಸಿ ಖಾದ್ಯಕ್ಕೆ ಒಬ್ಬರೂ ಚಮಚ ತಾಗಿಸಲಿಲ್ಲ. ಬಿಸಿ ಆರಿದ ಪಾತ್ರೆಯನ್ನು ಹಾಗೆಯೇ ಮನೆಗೆ ಹೊತ್ತು ತಂದು, ಮೂರು ದಿನ ಒಬ್ಬಳೇ ತಿಂದಳು.

ನಂತರ ಮಂಡಳಿಯ ಅಧ್ಯಕ್ಷ ಡ್ವೈಟ್ ಪೀಲರನ ಮೇವಿನ ಅಂಗಡಿಗೆ ಹೋದಳು.

"ಶುಕ್ರವಾರ ಗುಡ್ಡದ ಮಕ್ಕಳು ಸಂಗೀತ ಕಲಿಯೋಕೆ ಊರಿಗೆ ಬರ್ತಾರಲ್ಲ, ಆ ಬಸ್ಸಲ್ಲಿ ನನ್ನ ಜೊತೆ ಬರ್ತೀಯಾ?"

"ಮುಚ್ಚೋಕೆ ಹೊರಟ ಇನ್ನಿಬ್ಬರನ್ನೂ ಕರಿ. ಒಟ್ಟಿಗೆ ಹೋಗ್ಬರೋಣ."

"ಐವರಲ್ಲಿ ಮೂವರು ಒಂದ್ ಕಡೆ ಕೂತು ಶಾಲೆ ಮಾತಾಡಿದ್ರೆ ಕಾನೂನಲ್ಲಿ ಅದೇ ಸಭೆ ಆಗುತ್ತೆ. ಊರಿಗೆಲ್ಲ ನೋಟೀಸು ಅಂಟಿಸ್ಬೇಕು. ವಾರಕ್ಕೊಬ್ರು ಬನ್ನಿ."

"ದಾರಿಯುದ್ದಕ್ಕೂ ನನ್ನ ತಲೆ ತಿಂತೀಯ."

"ಒಂದು ಮಾತೂ ಆಡಲ್ಲ. ನೀನು ಗಡಿಯಾರ ನೋಡ್ಕೊಂಡು ಕೂತಿರು."

ಶಾಲೆ ಮುಚ್ಚಿದರೆ ಒಂಬತ್ತು ಮಕ್ಕಳೂ ದಿನಾ ಆ ದಾರಿಯಲ್ಲೇ ಬರಬೇಕು. ನಲವತ್ತು ನಿಮಿಷ ಸಾಕೆಂದು ಮುಚ್ಚುವ ಪ್ರಸ್ತಾವದ ಕಾಗದ ಹೇಳಿತ್ತು. ಆದರೆ ಜನವರಿಯ ಹಿಮಗಟ್ಟಿದ ರಸ್ತೆ ಕಾಗದ ಓದಿರಲಿಲ್ಲ. ಬಸ್ಸು ಜಾರದಂತೆ ಚಕ್ರಗಳಿಗೆ ಸರಪಳಿ ಕಟ್ಟಿಕೊಂಡು ತಿರುವು ತಿರುವಿಗೂ ತೆವಳಿತು. ಏಳನೆಯ ತಿರುವಿನಲ್ಲಿ ಒಬ್ಬ ಪುಟ್ಟ ಹುಡುಗಿ ಡ್ವೈಟನ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು. ಅವನು ಪತ್ರಿಕೆಯಿಂದ ಒರೆಸಿ, ಮತ್ತೆ ಗಡಿಯಾರ ನೋಡಿದ. ವರ್ನಾ ಮಾತು ಉಳಿಸಿಕೊಂಡಳು.

ಫೆಬ್ರವರಿಯ ಸಭೆ. ಜಿಮ್ ತುಂಬಿತ್ತು. ರಾಸ್ಕೋ ಮೊದಲೇ ಎದ್ದ. "ಹೋದ ತಿಂಗಳ ನಿರ್ಣಯ ಇನ್ನೊಂದ್ಸಲ ಮತಕ್ಕೆ ಹಾಕೋಣ."

ಡ್ವೈಟ್ ನಿಯಮದ ಪುಸ್ತಕ ತಿರುವಿದ. "ಆಗಲ್ಲ ರಾಸ್ಕೋ. ಅವತ್ತು ಗೆದ್ದ ಕಡೆ ಕೈ ಎತ್ತಿದವರು ಮಾತ್ರ ಅದನ್ನ ಕೇಳ್ಬಹುದು. ನೀನು ಸೋತವನು."

"ನಾನು ಕೈ ಎತ್ತಿದ್ದೆ," ಎಂದಳು ವರ್ನಾ. "ಮತ್ತೆ ಮತಕ್ಕೆ ಹಾಕ್ಬೇಕು ಅಂತ ನಾನು ಸೂಚಿಸ್ತೀನಿ."

ರಾಜಕುಮಾರಿ ವೈರಿಯ ದಾಸಿಯ ವೇಷ ತೊಟ್ಟು ಹೋಗಿ, ಕೋಟೆಯ ಬಾಗಿಲಿನ ಅಗುಳಿಯನ್ನು ಒಳಗಿನಿಂದ ಸರಿಸಿದಂತಾಯಿತು. ನಾಲ್ಕನೆಯ ಸಾಲಿನಲ್ಲಿ ಮಾರ್ಗಿಟ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಡ್ವೈಟ್ ಗದ್ದ ಉಜ್ಜಿಕೊಂಡ. "ಒಂದು ತಿಂಗಳು ಊರವರ ಕೈಲೆಲ್ಲ ಉಗಿಸ್ಕೊಂಡು ಕೂತಿದ್ದೆಯಲ್ಲ, ಇದಕ್ಕಾ?"

"ಅನುಮೋದನೆ ಯಾರದ್ದು ಅಂತ ಕೇಳಿ, ಅಧ್ಯಕ್ಷರೇ."

"ನಂದು," ಎಂದ ಎರಡನೆಯ ಶುಕ್ರವಾರ ಬಸ್ಸು ಹತ್ತಿದ್ದ ಮಂಡಳಿಯ ಸದಸ್ಯ ಕ್ಲೇ ಟೋರ್ಸನ್. "ನಂಗೆ ಒಂದೂಮುಕ್ಕಾಲು ಗಂಟೆ ಆಯ್ತು."

"ನಂಗೂ ಅಷ್ಟೇ," ಎಂದಳು ಮೂರನೆಯ ವಾರ ಹೋಗಿದ್ದ ಇನ್ನೊಬ್ಬ ಸದಸ್ಯೆ ಅಡೀನ್.

ಎಲ್ಲರೂ ಡ್ವೈಟನ ಕಡೆ ತಿರುಗಿದರು. "ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ," ಎಂದ ಅವನು. "ಮೇಲೆ ಒಂದು ಜೊತೆ ಬೂಟು."

ನಗು ಇಳಿಯುವ ಮೊದಲೇ ಮತಕ್ಕೆ ಹಾಕಿದರು. ಶಾಲೆ ಉಳಿಯಲೆಂದು ಐದೂ ಕೈಗಳು ಎದ್ದವು. ಜಿಮ್ಮಿನ ಮರದ ನೆಲ ಗೆದ್ದ ಪಂದ್ಯದ ದಿನದಂತೆ ಕಾಲುಗಳಡಿ ಗುಡುಗಿತು. ಡ್ವೈಟ್ ಸುತ್ತಿಗೆ ಬಡಿದು, ಮುಂದಿನ ವಿಷಯವಾದ ಸೋರುವ ಚಾವಣಿಯ ಬಗ್ಗೆ ಎರಡು ಸಲ ಓದಿ ನೋಡಿದ. ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ವರ್ನಾಳ ಕಡೆ ತಿರುಗಿ, ಎದ್ದು ನಿಂತು ತಾನೂ ಚಪ್ಪಾಳೆ ತಟ್ಟತೊಡಗಿದ.