ಅತ್ತಿಗೆ ಕಾಯುತ್ತಿದ್ದ ಆರನೆಯ ಸಂಪುಟ

ಅತ್ತಿಗೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ವಾರದ ಆರು ದಿನ ರೋಗಿಗಳಿಗೆ "ಉಸಿರು ಹಿಡೀರಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ, ಏಳನೆಯ ದಿನ ಮನೆಯವರಿಗೂ ಅದನ್ನೇ ಹೇಳುತ್ತಾಳೆ ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ, ನಕಾಶೆ ಹಾಸಿ, ದಾಳಗಳನ್ನು ನಡುವೆ ಇಟ್ಟು ಅತ್ತಿಗೆ ಕೂತಳೆಂದರೆ ಉಳಿದ ಮೂವರು ಅವಳ ಅಪ್ಪಣೆಯಿಲ್ಲದೆ ಮಿಸುಕಾಡುವಂತಿರಲಿಲ್ಲ.

ಅವರು ಆಡುತ್ತಿದ್ದದ್ದು 'ಏಳು ಗಡಿ' ಎಂಬ ಕಥೆಯಾಟ. ಒಬ್ಬರು ಕಥೆ ನಡೆಸಬೇಕು, ಅದು ಯಾವಾಗಲೂ ಅತ್ತಿಗೆಯೇ. ಮಿಕ್ಕವರು ಒಂದೊಂದು ಪಾತ್ರವಾಗಿ, ಈಗ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದೇಶ, ಕಾಡು, ರಾಜ, ಕಳ್ಳ ಎಲ್ಲದರ ವಿವರ ಪುಸ್ತಕಗಳಲ್ಲಿರುತ್ತದೆ. ಅಂಥ ಐದು ಸಂಪುಟಗಳು ಬಂದಿದ್ದವು. ಆರನೆಯದು ಬಂದಿರಲಿಲ್ಲ.

ತೊಂದರೆಯೆಲ್ಲ ಆ ಆರನೆಯದರದೇ. ನಕಾಶೆಯ ಈಶಾನ್ಯ ಮೂಲೆಯಲ್ಲಿ ಒಂದು ನದಿ, ನದಿಗೆ ಒಂದು ಸೇತುವೆ. ಸೇತುವೆಯ ಆಚೆ ಬರೀ ಬಿಳಿ ಕಾಗದ. ಅದರ ಮೇಲೆ ಸಣ್ಣ ಅಕ್ಷರದಲ್ಲಿ "ಈ ಭಾಗದ ವಿವರ ಮುಂದಿನ ಸಂಪುಟದಲ್ಲಿ" ಎಂದಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ತನ್ನಿಷ್ಟಕ್ಕೆ ಕಟ್ಟಿ ಹೇಳುವುದು ಅತ್ತಿಗೆಯ ಜಾಯಮಾನವಲ್ಲ. ಹಾಗಾಗಿ ಆಟದವರು ಯಾವಾಗ ಅಲ್ಲಿಗೆ ಹೋದರೂ ಸೇತುವೆ ದುರಸ್ತಿಯಲ್ಲಿರುತ್ತಿತ್ತು. ಇಲ್ಲವೇ ನದಿ ಉಕ್ಕುತ್ತಿತ್ತು, ಅದೂ ಇಲ್ಲದಿದ್ದರೆ ಕಾವಲುಗಾರನಿಗೆ ಜ್ವರ. ಹೀಗೆ ಹನ್ನೊಂದು ವರ್ಷ.

"ಹನ್ನೊಂದು ವರ್ಷ ಜ್ವರ ಬಂದವನು ಬದುಕಿರ್ತಾನಾ ಅತ್ತಿಗೆ?" ಎಂದು ನಾದಿನಿ ಕೇಳುವಳು.

"ನಡುವೆ ವಾಸಿಯಾಗಿತ್ತು," ಎಂದು ಅತ್ತಿಗೆ ಮುಖ ಗಂಟಿಕ್ಕಿಕೊಂಡೇ ಹೇಳುವಳು.

ಆಡುವವರಲ್ಲಿ ಒಬ್ಬ ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ಬಸ್ ಚಾಲಕ. ಇನ್ನೊಬ್ಬರು ಪಕ್ಕದ ಬೀದಿಯಲ್ಲಿ ಬೀಗ ರಿಪೇರಿ ಮಾಡುವವರು. ಎಲ್ಲರೂ ಅವರನ್ನು ಬೀಗದವರು ಎಂದೇ ಕರೆಯುತ್ತಿದ್ದರು. ಆಟದಲ್ಲಿ ಅವರು ವೈದ್ಯರು. ಬೀಗ ಒಡೆಯುವ ಕಳ್ಳನ ಪಾತ್ರ ಕೊಟ್ಟರೆ, "ಭಾನುವಾರವೂ ಅದೇ ಕೆಲ್ಸಾನಾ? ಬಿಡಮ್ಮಾ" ಎಂದು ಕೈ ಮುಗಿದುಬಿಟ್ಟಿದ್ದರು.

ಪ್ರಕಾಶನದವರು ಏನು ತಂದರೆ ಚೆನ್ನ ಎಂಬ ಮಾತು ಪ್ರತಿ ವಾರವೂ ಬರುತ್ತಿತ್ತು. ಅಣ್ಣನಿಗೆ ಊರಿಂದೂರಿಗೆ ಎಷ್ಟು ದೂರ, ಎಲ್ಲೆಲ್ಲಿ ತಿರುವು ಎಂದು ಹೇಳುವ ದಾರಿಗಳ ಪುಸ್ತಕ ಬೇಕಿತ್ತು. ಬೀಗದವರಿಗೆ ಔಷಧಿ ಗಿಡಗಳದ್ದು. ನಾದಿನಿಗೆ ದಾಳ ಉರುಳಿ ಅಲಮಾರಿಯ ಕೆಳಗೆ ಹೋಗದಂತೆ ಅಂಚಿರುವ ಒಂದು ತಟ್ಟೆ ಸಾಕಿತ್ತು. ಇವರೆಲ್ಲ ಬಾಯಲ್ಲಿ ಹೇಳಿ ಮರೆಯುವವರು. ಅತ್ತಿಗೆ ಮಾತ್ರ ವರ್ಷಕ್ಕೊಂದು ಪತ್ರ ಬರೆದು ಅಂಚೆಗೆ ಹಾಕುವಳು. ಅಂಶ ಒಂದು, ಅಂಶ ಎರಡು ಎಂದು ಆಸ್ಪತ್ರೆಯ ವರದಿಯ ಹಾಗೆ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ನಾದಿನಿ ಒಂದು ಮುದ್ರಣಾಲಯದಲ್ಲಿ ಸಾಬೂನು, ಮಾತ್ರೆ, ಟೂತ್‌ಪೇಸ್ಟುಗಳ ರಟ್ಟಿನ ಡಬ್ಬಿಗಳಿಗೆ ವಿನ್ಯಾಸ ಮಾಡುವವಳು. ಕೆಲಸ ಕಡಿಮೆಯಿದ್ದ ಒಂದು ವಾರ ಅವಳಿಗೆ ಕೈ ತುರಿಸಿತು. 'ಏಳು ಗಡಿ, ಆರನೆಯ ಸಂಪುಟ: ಉಪ್ಪಿನ ಕರಾವಳಿ' ಎಂದು ಒಂದು ಪ್ರಕಟಣೆಯ ಹಾಳೆ ಸಿದ್ಧಪಡಿಸಿದಳು. ಮುಖಪುಟದಲ್ಲಿ ಬೂದು ಸಮುದ್ರ, ಎಂಟು ದ್ವೀಪ, ದೂರದಲ್ಲಿ ಒಂದು ದೀಪಸ್ತಂಭ. ಕೆಳಗೆ, ಮುಂದಿನ ತಿಂಗಳು ಹನ್ನೆರಡರಂದು ಬಿಡುಗಡೆ ಎಂದು ದಪ್ಪ ಅಕ್ಷರ. ಲಕೋಟೆಗೆ ಹಾಕಿ, ಅತ್ತಿಗೆಯ ವಿಳಾಸ ಟೈಪು ಮಾಡಿ, ಅಂಚೆಗೂ ಹಾಕಿದಳು. ಅತ್ತಿಗೆ ಒಂದು ಗಳಿಗೆ ಹಿಗ್ಗುತ್ತಾಳೆ, ಆಮೇಲೆ ತಾನು ನಕ್ಕು ನಿಜ ಹೇಳುವುದು, ಅವಳು ಸೌಟು ಹಿಡಿದು ಅಟ್ಟಿಸಿಕೊಂಡು ಬರುವುದು, ಅಷ್ಟೇ ಎಂದು ಅವಳ ಲೆಕ್ಕಾಚಾರ.

ಲಕೋಟೆ ಬಂದ ಸಂಜೆ ನಾದಿನಿ ಬೇಕೆಂದೇ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆ ಆಗಷ್ಟೇ ಕೆಲಸದಿಂದ ಬಂದು, ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಬಿಚ್ಚುವ ಮೊದಲೇ ಲಕೋಟೆ ಒಡೆದಳು. ಹಾಳೆ ನೋಡಿದವಳು ಹಾಗೇ ಚಪ್ಪಲಿ ಗೂಡಿನ ಮೇಲೆ ಕೂತುಬಿಟ್ಟಳು. ಮೂರು ಸಲ ಓದಿದಳು. ತಲೆಯೆತ್ತಿದಾಗ ಕಣ್ಣಂಚು ಒದ್ದೆಯಾಗಿತ್ತು.

"ಬರ್ತಿದೆ ಕಣೇ," ಎಂದಳು. "ನೋಡು, ಹನ್ನೆರಡನೇ ತಾರೀಖು."

ನಾದಿನಿ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆ ಬೀಗದವರಿಗೆ ಫೋನು ಮಾಡಿ, "ನಾನು ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ?" ಎಂದು ಒಂದೇ ಮಾತನ್ನು ನಾಲ್ಕು ಸಲ ಹೇಳುತ್ತಿದ್ದಳು.

ನಾಳೆ ಹೇಳಿದರಾಯಿತು ಎಂದುಕೊಂಡು ನಾದಿನಿ ಮನೆಗೆ ಹೋದಳು. ಮರುದಿನ ಹೋಗಿ ನೋಡಿದರೆ, ಅತ್ತಿಗೆ ಶೆಲ್ಫಿನ ಐದು ಸಂಪುಟಗಳ ಪಕ್ಕದಿಂದ ಹೂದಾನಿ ತೆಗೆದು, ನಾಲ್ಕು ಬೆರಳು ಜಾಗ ಮಾಡಿಟ್ಟಿದ್ದಳು. ಅದಾದ ಮೇಲೆ ಹನ್ನೆರಡನೇ ತಾರೀಖಿಗೆ ರಜೆಯನ್ನೂ ಹಾಕಿದಳು. "ಅಂಗಡಿಗೆ ಬರೋವರೆಗೆ ಯಾರು ಕಾಯ್ತಾರೆ? ಪ್ರಕಾಶನದ ಆಫೀಸಿಗೇ ಹೋಗಿ ಮೊದಲ ಪ್ರತಿ ತರ್ತೀನಿ," ಎಂದಳು. ನಾದಿನಿ ಪ್ರತಿ ದಿನವೂ ಇವತ್ತು ಹೇಳುತ್ತೇನೆ ಎಂದುಕೊಳ್ಳುವಳು. ಅತ್ತಿಗೆ ಆ ಬರಿದಾದ ಜಾಗವನ್ನು ಬಟ್ಟೆಯಿಂದ ಒರೆಸುವುದನ್ನು ಕಂಡು ಬಾಯಿ ಮುಚ್ಚಿಕೊಳ್ಳುವಳು.

ಹನ್ನೆರಡನೇ ತಾರೀಖು ಬೆಳಗ್ಗೆ ಹತ್ತಕ್ಕೆ ಮುದ್ರಣಾಲಯಕ್ಕೆ ಅಣ್ಣನ ಫೋನು ಬಂತು.

"ನಿಮ್ಮತ್ತಿಗೆ ಹೊರಟಳು. ಹೊಸ ಚೀಲ ಬೇರೆ ತಗೊಂಡು ಹೋಗಿದ್ದಾಳೆ."

ನಾದಿನಿ ಮೇಲಿನವರಿಗೆ ಹೊಟ್ಟೆನೋವು ಎಂದು ಹೇಳಿ ಓಡಿದಳು. ಎರಡು ಬಸ್ಸು ಬದಲಿಸಿ, ಊರಿನ ಇನ್ನೊಂದು ತುದಿಯಲ್ಲಿಳಿದು, ಟೈರ್ ಅಂಗಡಿಯ ಪಕ್ಕದ ಸಂದಿಗೆ ನುಗ್ಗಿದಾಗ ಅವಳ ಕೈಯಲ್ಲಿ ನೀಲಿ ಶಾಯಿ, ಮುಖದಲ್ಲಿ ಬೆವರು. ಪ್ರಕಾಶನದ ಮೆಟ್ಟಿಲ ಮೇಲೆ, ನೆರಳಿರುವ ಕಡೆ, ಅತ್ತಿಗೆ ಚೀಲ ಮಡಿಲಲ್ಲಿಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದಳು.

"ಬಾ. ಮುಕ್ಕಾಲು ಗಂಟೆ ಆಯ್ತು. ಇನ್ನೂ ಬೇಗ ಬರ್ತೀಯ ಅಂದ್ಕೊಂಡಿದ್ದೆ."

"ಅತ್ತಿಗೇ, ಒಳಗೆ ಹೋಗ್ಬೇಡಿ. ನಾನೊಂದು ತಪ್ಪು ಮಾಡ್ಬಿಟ್ಟಿದ್ದೀನಿ."

"ಉಸಿರು ತಗೋ ಮೊದಲು."

"ಆ ಪುಸ್ತಕ ಬರಲ್ಲ. ಹಾಳೆ ಮಾಡಿದ್ದು ನಾನು."

"ಗೊತ್ತು."

ನಾದಿನಿ ಮೆಟ್ಟಿಲ ಮೇಲೆ ಕೂತಳು. "ಯಾವಾಗಿಂದ?"

"ಮರುದಿನ ಬೆಳಗ್ಗೆ ಬೆಳಕಿಗೆ ಹಿಡಿದು ನೋಡಿದೆ. ಎಂಟು ದ್ವೀಪ!" ಅತ್ತಿಗೆ ಚೀಲದಿಂದ ಹಾಳೆ ತೆಗೆದು ಅವಳ ಮೂಗಿನ ಮುಂದೆ ಹಿಡಿದಳು. "ಹೋದ ವರ್ಷ ನಿಮ್ಮಣ್ಣ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದಾಗ ಈ ಮಣಿಕಟ್ಟಿನ ಫಿಲ್ಮ್ ತೆಗೆದವಳು ನಾನು. ಮಣಿಕಟ್ಟಲ್ಲಿ ಮೂಳೆ ಎಂಟು. ನನ್ನ ಗಂಡನ ಕೈಯನ್ನ ತಲೆಕೆಳಗೆ ಮಾಡಿ ಸುತ್ತ ಸಮುದ್ರ ಬಳಿದ್ರೆ ನನಗೆ ಗೊತ್ತಾಗಲ್ವಾ?"

ನಾದಿನಿ ಆ ದ್ವೀಪಗಳ ಆಕಾರಕ್ಕೆ ಅಣ್ಣನ ಮೇಜಿನ ಡ್ರಾಯರಿನಲ್ಲಿ ಸಿಕ್ಕ ಫಿಲ್ಮನ್ನೇ ಇಟ್ಟು ಗೆರೆ ಎಳೆದಿದ್ದಳು. ಯಾರು ನೋಡುತ್ತಾರೆ ಎಂದುಕೊಂಡಿದ್ದಳು.

"ಮತ್ತೆ ಈ ರಜೆ? ಆ ಹೂದಾನಿ?"

"ಎಲ್ಲ ನಿನಗೋಸ್ಕರ."

"ಅಣ್ಣನಿಗೂ ಗೊತ್ತಾ?"

"ಹತ್ತು ಗಂಟೆಗೆ ಸರಿಯಾಗಿ ನಿನಗೆ ಫೋನ್ ಮಾಡಿ ಅಂತ ಹೇಳಿ ಬಂದಿದ್ದೆ."

ನಾದಿನಿಗೆ ನಗು ಬಂತು. ಆದರೆ ಅತ್ತಿಗೆ ನಗುತ್ತಿರಲಿಲ್ಲ. ಹಾಳೆಯನ್ನು ಜೋಪಾನವಾಗಿ ಮಡಿಸುತ್ತ, "ಒಂದು ಸಂಜೆ ಪೂರ್ತಿ ನಂಬಿದ್ದೆ ಕಣೇ," ಎಂದಳು. "ಆ ಒಂದು ಸಂಜೆಗೆ ನಿನ್ನನ್ನ ಇಷ್ಟಾದ್ರೂ ಓಡಿಸದೇ ಬಿಟ್ರೆ ಹೇಗೆ?"

ನಾದಿನಿ ಅವಳ ಕೈ ಹಿಡಿದುಕೊಂಡಳು. ಶಾಯಿ ಅಂಟಿತು. ಅತ್ತಿಗೆ ಬೈದಳು. ಅಲ್ಲಿಗೆ ಇಬ್ಬರಿಗೂ ಸ್ವಲ್ಪ ಹಗುರಾಯಿತು.

"ಇಷ್ಟು ದೂರ ಬಂದಿದ್ದೀವಿ, ಒಳಗೆ ಹೋಗಿ ಕೇಳಿಬಿಡೋಣ," ಎಂದು ಅತ್ತಿಗೆ ಎದ್ದಳು.

ಒಳಗೆ ಎರಡೇ ಕೋಣೆ. ತರಕಾರಿ ತೂಗುವ ತಕ್ಕಡಿಯಲ್ಲಿ ಪುಸ್ತಕದ ಪಾರ್ಸಲ್ ತೂಗುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ. 'ಏಳು ಗಡಿ' ಬರೆದವರೂ ಅವರೇ, ಅಚ್ಚು ಹಾಕಿಸುವವರೂ ಅವರೇ, ದಾರ ಕಟ್ಟುವವರೂ ಅವರೇ. ಈಚೆಗೆ ಅವರ ಹೊಟ್ಟೆ ಹೊರೆಯುತ್ತಿದ್ದದ್ದು ಮಾತ್ರ ವಾಹನ ಚಾಲನೆ ಪರೀಕ್ಷೆಯ ಪ್ರಶ್ನೋತ್ತರ ಪುಸ್ತಕ. ಅತ್ತಿಗೆ ತಾನು ಯಾರೆಂದು ಹೇಳಿದ್ದೇ ತಡ, ಅವರು ದಾರ ಕೈಬಿಟ್ಟು ನಿಂತರು.

"ಅಂಶ ಒಂದು, ಅಂಶ ಎರಡು... ಅವರು ನೀವಾ?"

"ಉತ್ತರ ಯಾಕೆ ಬರೀಲಿಲ್ಲ?"

"ಏನಂತ ಬರೀಲಿ ಮೇಡಂ?" ಅವರು ಒಂದು ದಪ್ಪ ಕಡತ ತೆಗೆದರು. "ನೋಡಿ, ಎಲ್ಲಾ ಬೇಡಿಕೆಗಳೇ. ಒಬ್ಬರಿಗೆ ಬರೀ ಕುದುರೆಗಳದ್ದೇ ಪುಸ್ತಕ ಬೇಕು. ಒಬ್ಬರಿಗೆ ಒಬ್ಬರೇ ಕೂತು ಆಡೋದಕ್ಕೆ ಬೇಕು. ಇವರು ನೋಡಿ, ದಯವಿಟ್ಟು ಐದನೇ ಸಂಪುಟ ವಾಪಸ್ ತಗೊಳ್ಳಿ ಅಂತಾರೆ."

"ನನಗೆ ಆರನೇದು ಸಾಕು. ಸೇತುವೆ ಆಚೆ ಏನಿದೆ?"

ಅವರು ಕಡತ ಮುಚ್ಚಿದರು, ಮತ್ತೆ ತೆರೆದರು. "ಬೇಜಾರು ಮಾಡ್ಕೋಬೇಡಿ. ಅಲ್ಲೇನೂ ಇಲ್ಲ. ನಕಾಶೆ ಬರೆಯುವಾಗ ಆ ಮೂಲೆಗೆ ಏನು ಹಾಕಬೇಕು ಅಂತ ತೋಚಲಿಲ್ಲ. ಅಚ್ಚಿಗೆ ಕೊಡೋ ದಿನ ಬಂದಿತ್ತು. 'ಮುಂದಿನ ಸಂಪುಟದಲ್ಲಿ' ಅಂತ ಹಾಕಿಬಿಟ್ಟೆ."

"ಮತ್ತೆ ಏಳು ಗಡಿ ಅಂತ ಹೆಸರು?"

"ಐದು ಗಡಿ ಅಂದ್ರೆ ಕೇಳೋಕೆ ಅಷ್ಟು ಚೆನ್ನಾಗಿರ್ಲಿಲ್ಲ."

ಅತ್ತಿಗೆ ಚೀಲದಿಂದ ಹಾಳೆ ತೆಗೆದು ತೋರಿಸಿದಳು. ಆ ಮನುಷ್ಯ ಅದನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದರು.

"ನಮ್ಮ ಐದರಲ್ಲಿ ಒಂದಕ್ಕೂ ಇಂಥ ಮುಖಪುಟ ಇಲ್ಲ. ಈ ದ್ವೀಪಗಳು ನಿಜವಾಗಿ ಎಲ್ಲೋ ಇದ್ದ ಹಾಗಿವೆ. ಇದನ್ನ ನಾನು ಇಟ್ಕೊಳ್ಳಲಾ?"

"ಇಲ್ಲ. ಅದು ನಮ್ಮನೆದು," ಎಂದು ಅತ್ತಿಗೆ ವಾಪಸ್ಸು ಕೇಳಿ ಪಡೆದಳು.

ವಾಪಸ್ಸು ಬರುವಾಗ ಬಸ್ಸು ಎರಡು ನಿಲ್ದಾಣ ದಾಟಿತು. ಮೂರನೆಯದರಲ್ಲಿ ಅತ್ತಿಗೆಯ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದು ನಾದಿನಿ ಗಾಬರಿಯಾದಳು. ನೋಡಿದರೆ ನಗು. "ತೋಚಲಿಲ್ಲವಂತೆ ಕಣೇ! ಒಂದು ಮೂಲೆ ತೋಚಲಿಲ್ಲ ಅಂತ ನಾನು ಹನ್ನೊಂದು ವರ್ಷ ಆ ಬಡಪಾಯಿಗೆ ಜ್ವರ ಬರಿಸಿದೆ." ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಈ ಭಾನುವಾರ ನೀನು ಕಥೆ ನಡೆಸು," ಎಂದಳು.

"ನಾನಾ? ಆ ಕಡೆ ಏನಿದೆ ಅಂತ ನನಗೇನು ಗೊತ್ತು?"

"ಬರೆದವರಿಗೇ ಗೊತ್ತಿಲ್ಲ. ಕೇಳಿದೆಯಲ್ಲ."

ಭಾನುವಾರ ನಾದಿನಿ ಅತ್ತಿಗೆಯ ಕುರ್ಚಿಯಲ್ಲಿ, ಕೈಯಲ್ಲಿ ಎರಡು ಪುಟ ಟಿಪ್ಪಣಿ ಹಿಡಿದು, ಪರೀಕ್ಷೆಗೆ ಕೂತವಳ ಹಾಗೆ ಕೂತಳು. ಅತ್ತಿಗೆ ಮೊದಲ ಸಲ ಆಟಗಾರ್ತಿ, ಪಾತ್ರ ಉಪ್ಪಿನ ವ್ಯಾಪಾರಿ. ಸೇತುವೆ ದಾಟಲು ಐದು ನಿಮಿಷವೂ ಹಿಡಿಯಲಿಲ್ಲ. ಆಚೆ ದಡದಲ್ಲಿ ಬಲೆ ನೇಯುವ ಒಬ್ಬ ಮುದುಕಿ ಕಂಡಳು. ಅಲ್ಲಿಂದ ಗ್ರಹಚಾರ ಶುರುವಾಯಿತು. ಬಲೆಯ ನೂಲು ಯಾವುದು? ನೀರು ಯಾವ ಹೊತ್ತಿಗೆ ಏರುತ್ತದೆ? ಈ ಅಜ್ಜಿಯ ಮನೆಯಲ್ಲಿ ಯಾರ್ಯಾರಿದ್ದಾರೆ? ಅತ್ತಿಗೆ ಕೇಳಿದ್ದೇ ಕೇಳಿದ್ದು. ನಾದಿನಿಯ ಎರಡು ಪುಟ ಅರ್ಧ ಗಂಟೆಯಲ್ಲೇ ಮುಗಿದುಹೋಯಿತು. ಆಮೇಲೆ ಅವಳು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಅಜ್ಜಿಗೆ ಮೂವರು ಹೆಣ್ಣುಮಕ್ಕಳಾದರು. ಮೂವರಿಗೂ ಪರಸ್ಪರ ಮಾತಿಲ್ಲವಾಯಿತು. ಒಬ್ಬಳು ದೀಪಸ್ತಂಭದಲ್ಲಿ ಕೆಲಸಕ್ಕಿದ್ದಳು.

"ಜಗಳ ಯಾತಕ್ಕಂತೆ?" ಎಂದು ಬೀಗದವರು ಮುಂದಕ್ಕೆ ಬಾಗಿದರು.

"ಇರಿ, ಅದನ್ನ ನಾನು ಕೇಳ್ತೀನಿ," ಎಂದು ಅತ್ತಿಗೆ ದಾಳ ಉರುಳಿಸಿದಳು. ಒಂದು ಬಿತ್ತು. ಅಜ್ಜಿ ಮುಖ ತಿರುಗಿಸಿಕೊಂಡಳು.

"ಕೈ ಜಾರಿತು. ಇನ್ನೊಂದ್ಸಲ ಹಾಕ್ತೀನಿ."

"ಆಗಲ್ಲ ಅತ್ತಿಗೆ."

"ಒಂದೇ ಸಲ ಕಣೇ."

"ಬಿದ್ದದ್ದು ಬಿತ್ತು," ಎಂದಳು ನಾದಿನಿ. ಬೀಗದವರು ನಕ್ಕರು. ಅಣ್ಣ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ. ಅತ್ತಿಗೆ ಕೈಕಟ್ಟಿ ಕೂತು ಸ್ವಲ್ಪ ಹೊತ್ತು ಮುನಿಸಿಕೊಂಡಳು. ಆಮೇಲೆ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, "ಸರಿ, ಅಜ್ಜಿ ಹೇಳ್ದಿದ್ರೆ ಬೇಡ," ಎಂದಳು. "ದೊಡ್ಡ ಮಗಳ ಮನೆ ಎಲ್ಲಿದೆ ಅಂತ ದಾರೀಲಿ ಹೋಗೋರನ್ನ ಕೇಳ್ತೀನಿ. ದಾರೀಲಿ ಯಾರಾದ್ರೂ ಹೋಗ್ತಿದ್ದಾರಾ?"

ನಾದಿನಿ ಸೂರು ನೋಡಿದಳು, ಪೆನ್ನು ಕಚ್ಚಿದಳು. "ಒಬ್ಬ ಹೋಗ್ತಿದ್ದಾನೆ," ಎಂದಳು. "ಆದ್ರೆ ತುಂಬಾ ಅವಸರದಲ್ಲಿದ್ದಾನೆ."