ಎಮ್ಮೆ ಬೆನ್ನು

ಗೋಡೆಗೆ ಒರಗಿಸಿ ಕೂರಿಸಿದ್ದ ಜಯಪ್ಪ ಮೇಷ್ಟ್ರ ತಲೆ ಮತ್ತೆ ಎಡಕ್ಕೆ ವಾಲಿತು. ವಿಶಾಲಾಕ್ಷಮ್ಮ ಬಿಳಿ ಪಂಚೆಯ ತುಂಡೊಂದನ್ನು ಗಂಡನ ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಬಿಗಿದರು. ಭುಜ ಹಿಡಿದು ನಿಂತಿದ್ದ ಮಗ ಕೀರ್ತಿಕುಮಾರ್, "ಬಿಗಿ ಆಯ್ತೇನೋ ಅಮ್ಮ, ಸ್ವಲ್ಪ ಸಡಿಲ ಮಾಡು" ಅಂದ. ಅಂದಮೇಲೆ ತಾನು ಯಾರ ಬಗ್ಗೆ ಹೇಳಿದೆ ಎಂಬುದು ಹೊಳೆದು ಮುಖ ಆಚೆ ತಿರುಗಿಸಿದ.

ವಿಶಾಲಾಕ್ಷಮ್ಮ ಗಂಟನ್ನು ಸಡಿಲ ಮಾಡಿದರು. ಹಣೆಗೆ ವಿಭೂತಿ ಎಳೆದರು. ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

ಕುಶಾಲನಗರದ ಆ ಸಣ್ಣ ಮನೆಯ ಪಡಸಾಲೆ ತುಂಬ ಜನ. ಮೇಷ್ಟ್ರು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿನಲ್ಲೇ ಗಣಿತ ಕಲಿಸುತ್ತಿದ್ದ ಕುಶಾಲಪ್ಪ ಗೆಳೆಯನ ಪಾದ ಮುಟ್ಟಿ ನಮಸ್ಕರಿಸಿ, ಕುರ್ಚಿ ಬೇಡವೆಂದು ನೆಲದಲ್ಲೇ ಕೂತರು.

"ಕೊನೆಗೆ ಏನಾದ್ರೂ ಮಾತಾಡಿದ್ರಾ?"

ವಿಶಾಲಾಕ್ಷಮ್ಮ ಲಿಂಗ ಹಿಡಿಸಿದ ಬೆರಳುಗಳನ್ನು ಮತ್ತೆ ಸರಿಪಡಿಸಿದರು. ಕೀರ್ತಿಯೇ ಹೇಳಿದ: "‘ಎಮ್ಮೆ ಬೆನ್ನು ಕಾಣ್ತಾ’ ಅಂತ ಕೇಳ್ತಿದ್ರು ಸಾರ್. ಅದೇ ಕೊನೆ. ಆಮೇಲೆ ಬಾಯೇ ಬಿಡ್ಲಿಲ್ಲ."

ಕುಶಾಲಪ್ಪ ಕಣ್ಣುಮುಚ್ಚಿ ತಲೆದೂಗಿದರು. "ಯಮನ ಕೋಣ! ಬಂದು ನಿಂತಿದ್ದು ಅವರಿಗೆ ಕಂಡಿದೆ. ಕೋಣ ಅನ್ನದೆ ಎಮ್ಮೆ ಬೆನ್ನು ಅಂದ್ರು ನೋಡಿ. ನಲವತ್ತು ವರ್ಷ ಅಲಂಕಾರ ಪಾಠ ಮಾಡಿದ ಬಾಯಿ, ಸಾಯೋವಾಗ್ಲೂ ಬಿಡ್ಲಿಲ್ಲ."

"ಪುಣ್ಯವಂತರಿಗೆ ಮೊದಲೇ ಗೊತ್ತಾಗ್ತದೆ" ಎಂದರು ಬಿಲ್ವಪತ್ರೆ ಬಿಡಿಸುತ್ತಿದ್ದ ಅಯ್ಯನವರು. ಆ ಮಾತು ಬಾಯಿಂದ ಬಾಯಿಗೆ ದಾಟಿ ಹೊರಗಿನ ಶಾಮಿಯಾನದವರೆಗೂ ಹೋಯಿತು. ವಿಶಾಲಾಕ್ಷಮ್ಮನೂ ಅದಕ್ಕೆ ಅದೇ ಅರ್ಥ ಹಚ್ಚಿದ್ದರು.

*

ಕಳೆದ ದೀಪಾವಳಿಯ ಹೊತ್ತಿಗೆ ಮೇಷ್ಟ್ರಿಗೆ ಲಕ್ವ ಹೊಡೆದಿತ್ತು. ಕಾಲು ಅಷ್ಟಿಷ್ಟು ಸುಧಾರಿಸಿತು, ಮಾತೂ ಮರಳಿತು. ಹೆಸರುಗಳು ಮಾತ್ರ ಬರಲಿಲ್ಲ. ಕನ್ನಡಕ ಬೇಕು, ಆದರೆ ಕನ್ನಡಕ ಎಂಬ ಪದ ಸಿಗದು. ಹುಡುಕಿ ಹುಡುಕಿ ಹಣೆ ಬೆವರುತ್ತಿತ್ತು. ಒಂದು ಬೆಳಿಗ್ಗೆ ಅವರು ಹುಡುಕುವುದನ್ನು ಬಿಟ್ಟು, "ಕಣ್ಣಿನ ಕಿಟಕಿ ಕೊಡು" ಅಂದರು. ವಿಶಾಲಾಕ್ಷಮ್ಮ ತಂದುಕೊಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಆಮೇಲೆ ಅದೇ ಅವರ ಮನೆಮಾತಾಯಿತು. "ಬೆಳಗಿನ ಕತ್ತಲೆ" ಅಂದರೆ ಹಾಲಿಲ್ಲದ ಕಾಫಿ. ಸಾರಿನಲ್ಲಿ "ಸಮುದ್ರ ಕಮ್ಮಿ" ಅಂದರೆ ಉಪ್ಪು ಸಾಲದು. ಹೆಂಡತಿಯ ಹೆಸರೂ ಹೋಗಿತ್ತು. ಅದಕ್ಕೆ ಯಾವ ಹೋಲಿಕೆಯನ್ನೂ ಅವರು ಹುಡುಕಲಿಲ್ಲ. ಕೈ ಚಾಚುತ್ತಿದ್ದರು, ಅಷ್ಟೆ.

ವಿಶಾಲಾಕ್ಷಮ್ಮನಿಗೆ ಇದು ಹೊಸ ವಿದ್ಯೆಯೇನಲ್ಲ. ಜಗಲಿಯಲ್ಲಿ ಸಂಜೆ ಮೇಷ್ಟ್ರ ಟ್ಯೂಷನ್ ನಡೆಯುವಾಗ ಒಳಗೆ ತರಕಾರಿ ಹೆಚ್ಚುತ್ತ ಕೇಳಿದ್ದೇ ಕೇಳಿದ್ದು. "ಮುಖ ಚಂದ್ರನ ಹಾಗಿದೆ ಅಂತ ಬರೀಬೇಡ್ರೋ. ಚಂದ್ರನ್ನ ಆಕಾಶದಲ್ಲೇ ಬಿಡಿ. ನಿಮ್ಮ ಮನೇಲಿ, ಗದ್ದೇಲಿ ಕಂಡಿದ್ದನ್ನ ತನ್ನಿ. ‘ಹಾಗೆ’ ಅಂತಿದ್ರೆ ಉಪಮೆ. ‘ಹಾಗೆ’ ಬಿಟ್ಟು ಇದೇ ಅದು ಅಂದ್ರೆ ರೂಪಕ. ಏನನ್ನ ಹೋಲಿಸ್ತಿದೀನಿ ಅಂತ್ಲೇ ಹೇಳ್ದೆ ನುಂಗ್ಕೊಂಡ್ರೆ? ಆಗ ಕೇಳೋನು ಹುಡುಕ್ಬೇಕು."

ಕಳೆದ ವಾರ ಮಧ್ಯಾಹ್ನ ವಿಶಾಲಾಕ್ಷಮ್ಮ ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮೇಷ್ಟ್ರು ತಟ್ಟನೆ ಎದ್ದು ಕೂತಿದ್ದರು. ಕಿಟಕಿಯಾಚೆ ಬಿಸಿಲು ಸುಡುತ್ತಿತ್ತು.

"ಎಮ್ಮೆ ಬೆನ್ನು ಕಾಣ್ತಾ?"

"ಏನಂದ್ರಿ?"

"ಎಮ್ಮೆ... ಬೆನ್ನು. ಕಾಣ್ತಿರ್ಬೇಕು ಈಗ. ಹೋಗಣ. ಇಬ್ರೂ ಹೋಗಣ."

ಎಮ್ಮೆ ಬೆನ್ನೆಂದರೆ ಯಮನ ಕೋಣ ಎಂದು ವಿಶಾಲಾಕ್ಷಮ್ಮನಿಗೆ ಹೊಳೆಯಿತು. ಎಣ್ಣೆಗೈಯಲ್ಲೇ ಅವರ ಬಾಯಿ ಮುಚ್ಚಿದರು. "ಬಿಡ್ತು ಅನ್ನಿ! ಆ ಮಾತು ಇನ್ನೊಂದ್ಸಲ ಆಡಿದ್ರೆ ನನ್ನಾಣೆ."

ಮರುದಿನ ಮಗನ ಎದುರು ಅವರು ಮತ್ತೆ ಕೇಳಿದರು. ವಿಶಾಲಾಕ್ಷಮ್ಮ ಅಳುತ್ತ ಒಳಗೆ ಹೋಗಿಬಿಟ್ಟರು. ಮೇಷ್ಟ್ರು ಹೆಂಡತಿ ಹೋದ ಬಾಗಿಲನ್ನೇ ಬಹಳ ಹೊತ್ತು ನೋಡಿ, ಗೋಡೆಯ ಕಡೆ ಹೊರಳಿ ಮಲಗಿದರು.

*

ಮೇಷ್ಟ್ರನ್ನು ಕೂರಿಸಿ ಹೊರುವ ವಿಮಾನಕ್ಕೆ ಹೂ ಕಟ್ಟುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಮೇಷ್ಟ್ರ ಅಕ್ಕ ಹುಚ್ಚಮ್ಮ ಕೋಲೂರಿಕೊಂಡು ಇಳಿದರು. ಹಾರಂಗಿ ಅಣೆಕಟ್ಟಿನ ನೀರಿಗೆ ಅವರ ಹುಟ್ಟೂರು ಮುಳುಗಿದಾಗ ಅಲ್ಲಿಯವರಿಗೆ ಬೇರೆ ಕಡೆ ಜಾಗ ಕೊಟ್ಟಿದ್ದರು. ಈ ಮುದುಕಿ ಅಂದಿನಿಂದ ಆ ಹೊಸ ಜಾಗದಲ್ಲೇ ಇದ್ದವರು. ತಮ್ಮನ ಕೆನ್ನೆ ಸವರಿ ಸವರಿ ಅತ್ತು, ಸೆರಗಿನಲ್ಲಿ ಮೂಗು ಒರೆಸಿಕೊಂಡು, ವಿಶಾಲಾಕ್ಷಮ್ಮನ ಪಕ್ಕ ಕೂತರು.

"ಯಮನ ಕ್ವಾಣ ಕಂಡಿದ್ನಂತೆ? ಆಚೆ ಹೇಳ್ತಾವ್ರೆ."

"ಹೂಂ ಅತ್ತಿಗೆ. ಎಮ್ಮೆ ಬೆನ್ನು ಕಾಣ್ತಾ ಅಂತಿದ್ರು. ನಾನು ಬಾಯಿ ಮುಚ್ಚಿಸ್ದೆ."

ಹುಚ್ಚಮ್ಮ ಕೋಲನ್ನು ನೆಲಕ್ಕಿಟ್ಟು ಅವರ ಕಡೆ ತಿರುಗಿದರು.

"ಎಮ್ಮೆ ಬೆನ್ನು ಅಂದ್ನಾ? ಅಯ್ಯೋ ನನ್ನಪ್ಪನೇ... ಅದು ನಮ್ಮ ಮನೆ ಮುಂದ್ಲು ಬಂಡೆ ಕಣವ್ವ!"

"ಬಂಡೆನಾ?"

"ಕರೀ ಬಂಡೆ. ಎಮ್ಮೆ ಮನಗಿದಂಗೇ ಐತೆ. ಇವ್ನು ಹುಡುಗ್ನಾಗಿದ್ದಾಗ ಅದ್ರ ಮ್ಯಾಲೆ ಕೂತು ಓದ್ಕತಿದ್ದ. ಊರು ಮುಳುಗಿದ್ ಮ್ಯಾಲೆ, ಬ್ಯಾಸ್ಗೇಲಿ ನೀರು ಇಳ್ದಾಗ ಮೊದ್ಲು ಕಾಣೋದು ಅದೇಯ. ಅದು ಕಂಡ್ರೆ ಮನೆ ತಳಪಾಯ ಕಾಣ್ತದೆ. ನಾವು ಹಳೇ ಊರ್ನೋರೆಲ್ಲ ಹಂಗೇ ಕೇಳೋದು, ಎಮ್ಮೆ ಬೆನ್ನು ಕಾಣ್ತಾ ಅಂತ."

ವಿಶಾಲಾಕ್ಷಮ್ಮ ಮದುವೆಯಾಗಿ ಬರುವ ಹೊತ್ತಿಗೆ ಆ ಮನೆ ನೀರಿನಡಿ ಸೇರಿಯಾಗಿತ್ತು. ಗಂಡ ಅದರ ಮಾತನ್ನೇ ಎತ್ತುತ್ತಿರಲಿಲ್ಲ. ನೆಂಟರು ಬಂದಾಗ ಡ್ಯಾಮ್ ತೋರಿಸಲು ಹೋದರೆ ಎಲ್ಲರೂ ನೀರಿನ ಕಡೆ ನೋಡುತ್ತಿದ್ದರು. ಮೇಷ್ಟ್ರು ಮಾತ್ರ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನೀರೆಂದರೆ ಇವರಿಗೆ ಭಯ ಎಂದುಕೊಂಡಿದ್ದರು ವಿಶಾಲಾಕ್ಷಮ್ಮ.

"ಹಿನ್ನೀರು ಅಂತ ಒಂದು ಮಾತು ಅಂದಿದ್ರೆ..."

"ಹೆಸ್ರು ಎಲ್ಲಿ ಬತ್ತಿತ್ತು ಅವನ್ಗೆ? ಮನೆ ಅನ್ನಕ್ಕೆ ಬರ್ದೆ ಇದ್ರೆ ಇನ್ನೇನ್ ಅಂದಾನು ಪಾಪ."

ಇಬ್ರೂ ಹೋಗಣ, ಅಂದಿದ್ದರು. ಕಾರಿನಲ್ಲಿ ಮಲಗಿಸಿಕೊಂಡಾದರೂ ಹೋಗಬಹುದಿತ್ತು. ಊಟ ಮುಗಿಸಿ ಹೊರಟರೆ ಸಂಜೆ ಕಾಫಿಗೆ ವಾಪಸ್ಸು. ವಿಶಾಲಾಕ್ಷಮ್ಮ ಗಂಡನ ಮುಖ ನೋಡಿದರು. ಗದ್ದಕ್ಕೆ ಬಟ್ಟೆ ಕಟ್ಟಿದ ಆ ಮುಖ ಏನನ್ನೂ ಕೇಳುತ್ತಿರಲಿಲ್ಲ.

ಪಡಸಾಲೆಯಲ್ಲಿ ಕುಶಾಲಪ್ಪ ಹೊಸದಾಗಿ ಬಂದವರಿಗೆ ಕೋಣದ ಸಂಗತಿ ವಿವರಿಸುತ್ತಿದ್ದರು. ವಿಶಾಲಾಕ್ಷಮ್ಮ ಎದ್ದು ಹೋಗಿ ಅವರ ಮುಂದೆ ನಿಂತರು.

"ಸಾರ್, ಅದು ಸಾವಲ್ಲ. ಅವರಿಗೆ ಸಾಯೋ ಯೋಚನೆ ಇರ್ಲಿಲ್ಲ. ಮನೆಗೆ ಹೋಗ್ಬೇಕಿತ್ತು."

ಕುಶಾಲಪ್ಪ ಅವರ ಮುಖ ನೋಡಿ ಎದ್ದು ನಿಂತರು.

*

ಸಮಾಧಿ ಮುಗಿಯುವಾಗ ಬಿಸಿಲು ಇಳಿದಿತ್ತು. ಅತ್ತೆಯನ್ನು ಮನೆಗೆ ಬಿಡಲು ಕೀರ್ತಿ ಕಾರು ತೆಗೆದ. ಅಮ್ಮನೂ ಬಂದು ಕೂತರು.

"ಹಿನ್ನೀರಿನ ಕಡೆ ಹೋಗು."

"ಇವತ್ತಾ ಅಮ್ಮ? ಜನ ಏನಂತಾರೆ?"

"ಇವತ್ತೇ."

ಕಾರು ನಿಂತಲ್ಲಿಂದ ಮುಂದೆ ಒಣಗಿ ಬಿರಿದ ಕೆಸರಿನ ಬಯಲು. ನೀರು ದೂರಕ್ಕೆ ಸರಿದಿತ್ತು. ಅಂಚಿನಲ್ಲಿ ಕಪ್ಪು ಬಂಡೆ ಅರ್ಧ ಮೇಲೆದ್ದಿತ್ತು. ಮೇಲೊಂದು ಬೆಳ್ಳಕ್ಕಿ ಕೂತಿತ್ತು. ಹುಚ್ಚಮ್ಮ ಕೋಲಿನಿಂದ ಕೆಸರು ಕೆದಕುತ್ತ ನಡೆದರು. ಕಲ್ಲಿನ ಸಾಲೊಂದು ಸಿಕ್ಕಿತು. ಮುದುಕಿ ಅದನ್ನು ದಾಟಿ ಒಳಗೆ ಹೋದರು.

"ಇದು ಪಡಸಾಲೆ. ಅಕಾ, ಅಲ್ಲಿ ಒಲೆ. ಈ ಮೂಲೇಲಿ ನಮ್ಮವ್ವ ಇವನ್ನ ಹೆತ್ತಿದ್ದು."

ವಿಶಾಲಾಕ್ಷಮ್ಮ ಕಲ್ಲಿನ ಸಾಲಿನ ಆಚೆಯೇ ನಿಂತಿದ್ದರು.

"ಯಾಕವ್ವ ಹೊರ್ಗೇ ನಿಂತ್ಕಂಡೆ?"

"ಬಾಗಿಲು ಎಲ್ಲಿತ್ತು ಅತ್ತಿಗೆ?"

ಹುಚ್ಚಮ್ಮ ಕುಂಟುತ್ತ ಬಂದು, ಸವೆದು ನುಣುಪಾದ ಉದ್ದನೆಯ ಕಲ್ಲೊಂದರ ಮೇಲಿನ ಪಾಚಿಯನ್ನು ಸೆರಗಿನಿಂದ ಒರೆಸಿ, ಕೈ ನೀಡಿದರು.

"ಬಾ ಮಗ. ಬಲಗಾಲಿಟ್ಟು ಬಾ."

ವಿಶಾಲಾಕ್ಷಮ್ಮ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಹಿಡಿದು, ಹೊಸಿಲು ದಾಟಿದರು. ಒಳಗಿನ ನೆಲ ಇನ್ನೂ ಹಸಿ. ಪಾದ ಊರಿ ತೆಗೆದ ಗುರುತಿನಲ್ಲಿ ಮೆಲ್ಲಗೆ ನೀರು ಒಸರಿ ತುಂಬಿಕೊಂಡಿತು.