ಕ್ಯಾರಂ ಬೋರ್ಡಿನ ಬೆನ್ನ ಮೇಲಿನ ಸಾಲು

ನಾನು ಒಂದು ಕ್ಯಾರಂ ಬೋರ್ಡು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದ ಮೌಲಾಸಾಬರು ಶಾಲೆಗಳಿಗೆ ಕರಿಹಲಗೆಯನ್ನೂ ಮಾಡಿಕೊಡುತ್ತಿದ್ದರು. ಡಬ್ಬಿಯ ತಳದಲ್ಲಿ ಒಂದಿಷ್ಟು ಕಪ್ಪು ಬಣ್ಣ ಉಳಿದಿತ್ತು, ಚೆಲ್ಲುವುದೇಕೆ ಎಂದು ನನ್ನ ಬೆನ್ನಿಗೆ ಬಳಿದುಬಿಟ್ಟರು. ಹೀಗೆ ನಾನು ಮುಂದಿನಿಂದ ಆಟ, ಹಿಂದಿನಿಂದ ಪಾಠ.

ನನ್ನನ್ನು ಕೊಂಡವರು ಗದಗಿನ ಕಡೆಯ ಗಣಿತದ ಟೀಚರು ನೀಲಾಂಬಿಕೆ ಅಂಗಡಿ. ಅವರಿಗೆ ಮಾಲ್ಡೀವ್ಸಿನ ಒಂದು ದ್ವೀಪದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವ್ವ ಹೊಲಿದ ಕೌದಿಯಲ್ಲಿ ನನ್ನನ್ನು ಸುತ್ತಿಕೊಂಡು ವಿಮಾನ ಹತ್ತಿದರು, ಆಮೇಲೆ ದೋಣಿ. ಆ ದೋಣಿಯಲ್ಲಿ ಅವರು ನಾಲ್ಕು ಸಲ ವಾಂತಿ ಮಾಡಿಕೊಂಡರೂ ನನ್ನ ಮೇಲಿನ ಕೈ ತೆಗೆಯಲಿಲ್ಲ. ಅದನ್ನು ನಾನು ಮರೆತಿಲ್ಲ.

ಟೀಚರುಗಳ ಮನೆಯಲ್ಲಿ ಇದ್ದುದು ಎರಡು ಕೋಣೆ, ಒಂದು ಅಡುಗೆಮನೆ. ಇನ್ನೊಂದು ಕೋಣೆಯಲ್ಲಿ ಕುಂದಾಪುರದ ಫಿಲೋಮಿನಾ ಇದ್ದರು, ಇಂಗ್ಲಿಷಿನವರು, ಎಡಗೈ ಆಟಗಾರ್ತಿ. ನೀಲಾಂಬಿಕೆಗೆ ಮೀನಿನ ವಾಸನೆಯೂ ಆಗದು, ಫಿಲೋಮಿನಾಗೆ ಮೀನಿಲ್ಲದೆ ಅನ್ನ ಇಳಿಯದು. ಮೊದಲ ವಾರ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಇದ್ದರು. ಎರಡನೇ ವಾರ ನನ್ನ ಮೇಲೆ ಪೌಡರು ಬಿತ್ತು. ಅಲ್ಲಿಂದ ಒಲೆಯೂ ಒಂದೇ ಆಯಿತು, ಪಾತ್ರೆ ಮಾತ್ರ ಬೇರೆ.

ಅಲ್ಲಿ ರಜೆ ಶುಕ್ರವಾರ, ಶನಿವಾರ. ಊರಿನವರು ಭಾನುವಾರ ಆರಾಮಾಗಿ ಫೋನು ಮಾಡಿದರೆ ಇವರು ತರಗತಿಯಲ್ಲಿ. ಇವರಿಗೆ ಬಿಡುವಾದ ಶುಕ್ರವಾರ ಊರಿನವರಿಗೆ ಬಿಡುವಿಲ್ಲ. ಹಾಗಾಗಿ ಶುಕ್ರವಾರವೆಲ್ಲ ನನ್ನದೇ. ನುಗ್ಗೆಮರದ ನೆರಳಿನಲ್ಲಿ ಸ್ಟೂಲಿನ ಮೇಲೆ ನನ್ನನ್ನಿಟ್ಟು ಆಡುತ್ತಿದ್ದರು. ಪಕ್ಕದ ಮನೆಯ ಆಮಿನತ್ ನಮಾಜು ಮುಗಿಸಿ ಬಂದು ಇಬ್ಬರನ್ನೂ ಸೋಲಿಸಿ ಹೋಗುತ್ತಿದ್ದಳು. ಆ ದ್ವೀಪದಲ್ಲಿ ಕ್ಯಾರಂ ಬಾರದ ಮನುಷ್ಯರನ್ನು ನಾನು ಕಾಣೆ. ಸೋತವರು ಚಹಾ ಮಾಡಬೇಕು. ಏಳು ವರ್ಷ ಎಷ್ಟು ಚಹಾ ಆಯಿತೋ, ನನ್ನ ಅಂಚಿನ ಕಲೆಗಳನ್ನೇ ಕೇಳಬೇಕು.

ಎಂಟನೆಯ ವರ್ಷ ಫಿಲೋಮಿನಾಗೆ ಹೊಟ್ಟೆನೋವು ಹಿಡಿದುಕೊಂಡಿತು. ಊರಿಗೆ ಹೋಗಿ ತೋರಿಸಿಕೊಂಡು ಬರುವುದೆಂದಾಯಿತು. ಹೊರಡುವ ದಿನವೂ ಒಂದು ಆಟಕ್ಕೆ ಕೂತರು. ನಡುವೆ ಕೆಂಪು ಕಾಯಿ, ರೆಡ್, ಹಾಗೇ ಇರುವಾಗಲೇ ದೋಣಿ ಬಂತೆಂದು ಕೂಗು ಬಂತು. ಫಿಲೋಮಿನಾ ಕಾಯಿಗಳನ್ನು ಡಬ್ಬಿಗೆ ತುಂಬಿ, ನನ್ನನ್ನು ಬೋರಲು ಹಾಕಿ, ಬ್ಯಾಗಿನಲ್ಲಿದ್ದ ಸೀಮೆಸುಣ್ಣದಿಂದ ಬರೆದರು: ‘ರೆಡ್ ಬೀಳ್ಲಿಲ್ಲ ಮಾರಾಯ್ತಿ. ಆಟ ಉಂಟು.’

ಅವರು ಮತ್ತೆ ಬರಲಿಲ್ಲ. ಮೂರು ತಿಂಗಳ ಮೇಲೆ ಒಂದು ಫೋನು ಬಂತು. ಆ ಸಂಜೆ ನೀಲಾಂಬಿಕೆ ಫಿಲೋಮಿನಾರ ಮೀನಿನ ಬಾಣಲೆಯನ್ನು ತಾವೇ ತಿಕ್ಕಿ ತೊಳೆದು ಗೂಟಕ್ಕೆ ಹಾಕಿದರು. ನನ್ನ ಬೆನ್ನು ಕಾಣುವ ಹಾಗೆ ಗೋಡೆಗೆ ತೂಗುಹಾಕಿದರು. ಆಟ ನಿಂತಿತು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಆ ಸಾಲನ್ನು ಓದುತ್ತಿದ್ದರು. ಫಿಲೋಮಿನಾರ ಕೈಬರಹ ಅಂತ ಅವರ ಬಳಿ ಉಳಿದಿದ್ದು ಅದೊಂದೇ.

ಮಳೆ ಹಿಡಿದ ಒಂದು ದಿನ ಮಂಡ್ಯದಿಂದ ಇಂಪನಾ ಎಂಬ ಹೊಸ ಟೀಚರು ಬಂದಳು. ಆಗ ನೀಲಾಂಬಿಕೆ ಶಾಲೆಯಲ್ಲಿದ್ದರು. ಹುಡುಗಿ ಚುರುಕು. ಮನೆ ಗುಡಿಸಿದಳು, ನೆಲ ಒರೆಸಿದಳು, ಗೋಡೆಯ ಮೇಲಿನ ಕಪ್ಪು ಹಲಗೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳು. ಹಿಂದಿನ ಪೀರಿಯಡ್ಡಿನವರು ಬರೆದದ್ದನ್ನು ಅಳಿಸದೆ ಯಾವ ಟೀಚರು ತಾನೇ ತರಗತಿ ಶುರು ಮಾಡುತ್ತಾರೆ? ನಾನು ಕೂಗಿಕೊಂಡೆ. ಮರದ ಕೂಗು ಯಾರಿಗೆ ಕೇಳುತ್ತದೆ!

ನೀಲಾಂಬಿಕೆ ಬಂದು ಬಾಗಿಲಲ್ಲೇ ನಿಂತರು.

"ಅದು ಪಾಠ ಅಲ್ಲವ್ವಾ, ಒರಸಾಕ" ಎಂದರು. ಅಷ್ಟೇ. ಖಾಲಿ ಹಲಗೆಯನ್ನು ನೋಡಲಾರದೆ ನನ್ನನ್ನು ತಿರುಗಿಸಿ, ಬೆನ್ನನ್ನು ಗೋಡೆಗೆ ಮಾಡಿ ಹಾಕಿದರು.

ಮುಂದಿನದು ನನಗೊಬ್ಬನಿಗೇ ಗೊತ್ತಿದ್ದ ಸಂಗತಿ. ಒದ್ದೆ ಬಟ್ಟೆಯಲ್ಲಿ ಒರೆಸಿದ ಕರಿಹಲಗೆ ಆ ಹೊತ್ತಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಅಕ್ಷರಗಳು ಮಸುಕಾಗಿ ಎದ್ದು ಬರುತ್ತವೆ. ಯಾವ ಟೀಚರಿಗೂ ಇದು ಹೊಸದಲ್ಲ, ಆದರೆ ಸಂಕಟದಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಮಳೆ ನಿಂತು ಗಾಳಿ ಒಣಗಿತು. ನನ್ನ ಬೆನ್ನ ಮೇಲೆ ಫಿಲೋಮಿನಾ ಒಂದೊಂದೇ ಅಕ್ಷರವಾಗಿ ಮರಳಿ ಬಂದರು. ಗೋಡೆಗೆ ಮುಖ ಕೊಟ್ಟು ಬಂದರು. ಇತ್ತ ಆ ಇಬ್ಬರು ಒಂದೇ ಸೂರಿನಡಿ ಉಪ್ಪು ಕೊಡು, ಬೀಗ ಹಾಕು ಎನ್ನುವಷ್ಟೇ ಮಾತಾಡಿಕೊಂಡು ಎಂಟು ತಿಂಗಳು ಕಳೆದರು. ಇಂಪನಾ ಆಮಿನತ್‌ಳಿಂದ ಎಲ್ಲ ತಿಳಿದುಕೊಂಡು ಎರಡು ಸಲ ಕ್ಷಮೆ ಕೇಳಿದಳು. ನೀಲಾಂಬಿಕೆ ಇರಲಿ ಬಿಡು ಎಂದರು, ಆದರೆ ಎದುರಿಗೆ ಕೂರಲಿಲ್ಲ.

ಆ ವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಕೌದಿ ಹಾಸಿ, ನನ್ನನ್ನು ಇಳಿಸಲು ಇಂಪನಾಗೆ ಹೇಳಿದರು. ಅವಳು ಇಳಿಸಿ ತಿರುಗಿಸಿದವಳು ಹಾಗೇ ನಿಂತಳು.

"ಬೋರ್ಡ್ ಮೇಲೆ ಬರ್ದಿರದು ಕಂಡ್ರೆ ಕೈ ಸುಮ್ನಿರಲ್ಲ ಮಿಸ್, ಅದ್ಕೇ ಒರೆಸ್ಬುಟ್ಟೆ" ಎಂದು ಅಳತೊಡಗಿದಳು. "ಆದ್ರೆ ನೋಡಿ, ಹೋಗಿಲ್ಲ."

ನೀಲಾಂಬಿಕೆ ಕನ್ನಡಕ ಹಾಕಿಕೊಂಡು ಓದಿದರು. ಅಕ್ಷರ ಮುಟ್ಟಲು ಹೋದ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನನ್ನನ್ನು ಸ್ಟೂಲಿನ ಮೇಲಿಟ್ಟು ನಡುವೆ ರೆಡ್ ಒಂದನ್ನೇ ಇಟ್ಟರು.

"ಕುಂದರವ್ವಾ" ಎಂದರು. "ಆಕೀ ಆಟ ನೀ ಆಡು."

ಇಂಪನಾ ಎಡಗೈಯಲ್ಲಿ ಹೊಡೆದಳು. ರೆಡ್ ಉರುಳಿ ಮೂಲೆಯ ತೂತಿನ ಬಾಯಿಗೆ ಬಂದು ನಿಂತಿತು. ಇನ್ನು ಊದಿದರೂ ಬೀಳುವಂತಿತ್ತು. ನೀಲಾಂಬಿಕೆ ಹೊಡೆದರು, ಗುರಿ ತಪ್ಪಿತು. ಆ ಕೈಯನ್ನು ಅಷ್ಟು ವರ್ಷ ನೋಡಿದ್ದೇನೆ, ಅದು ತಾನಾಗಿ ತಪ್ಪುವ ಕೈಯಲ್ಲ. ಮತ್ತೆ ದೋಣಿಯ ಕೂಗು ಬಂತು. ಅವರು ಎದ್ದು ಕೌದಿಯನ್ನು ಇಂಪನಾಳ ಹಾಸಿಗೆಯ ಮೇಲೆ ಮಡಿಸಿಟ್ಟರು. ನನ್ನನ್ನು ಒಯ್ಯಲಿಲ್ಲ.

ಈಗ ಇಂಪನಾಳೂ ಹೋಗಿದ್ದಾಳೆ. ನಾನು ಶಾಲೆಯ ವರಾಂಡದಲ್ಲಿದ್ದೇನೆ. ಉಪ್ಪುಗಾಳಿಗೆ ಮೈ ಬಾಗಿದೆ, ಒಂದು ಮೂಲೆಯ ಬಲೆ ಹರಿದಿದೆ. ಮಳೆಗಾಲದಲ್ಲಿ ಬೆನ್ನಿನ ಸಾಲು ಮಾಯವಾಗುತ್ತದೆ, ಒಣ ದಿನಗಳಲ್ಲಿ ಮತ್ತೆ ಬರುತ್ತದೆ. ಇಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಹೊಸ ಟೀಚರು ಯಾರಾದರೂ ಬಟ್ಟೆ ಹಿಡಿದು ಬಂದರೆ, ತಲೆ ನರೆತ ಆಮಿನತ್ ಅಡ್ಡ ಬರುತ್ತಾಳೆ. ಏನು ಬರೆದಿದೆ ಎಂದು ಕೇಳಿದರೆ ಅವಳಿಗೆ ಬರುವ ಎರಡೇ ಎರಡು ಕನ್ನಡ ಪದಗಳನ್ನು ಹೇಳುತ್ತಾಳೆ.

"ಆಟ ಉಂಟು."

ಆಮೇಲೆ ನನ್ನನ್ನು ಅಂಗಾತ ಹಾಕಿ, ಪೌಡರು ಚೆಲ್ಲಿ, ಅವರನ್ನು ಎದುರಿಗೆ ಕೂರಿಸಿಕೊಳ್ಳುತ್ತಾಳೆ.